ಬೋರ್ಡಿನ ಮುಂದ ಹೋಗ್ರಿ



ಶಾಲೆ ಸುರುವಾಗಿದೆ. ಟ್ರಂಕು ಹಿಡಿದು, ಹಾಸಿಗೆ ಸುತ್ತಿಕೊಂಡು ನಮ್ಮ ಹುಡುಗರು ಬೀದರ, ಭಾಲ್ಕಿ, ಔರಾದ ಹಾಸ್ಟೆಲುಗಳಿಗೆ ಬಂದಿದ್ದಾರೆ. ಹತ್ತನೇ ಕ್ಲಾಸಿನವರನ್ನು ಮುಖ ನೋಡಿಯೇ ಗುರುತಿಸಬಹುದು. "ಈ ವರ್ಷ ಪಾಸಾದ್ರ ಓದು, ಇಲ್ಲಂದ್ರ ನನ್ನ ಸಂಗಾಟ ಕೆಲಸಕ್ಕ ನಡಿ" ಅಂತ ಅಪ್ಪ ಹೇಳಿ ಕಳಿಸಿರುತ್ತಾನೆ. ಹುಡುಗಿಯಾದರೆ ಮನೆಯವರು ಅದನ್ನೂ ಹೇಳುವುದಿಲ್ಲ. ವರ ನೋಡುತ್ತಿರುತ್ತಾರೆ.

ಬಾಬಾಸಾಹೇಬರು ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿದ್ದಾಗ ಮಾಸ್ತರರು ಒಂದು ದಿನ ಲೆಕ್ಕ ಬಿಡಿಸಲು ಬೋರ್ಡಿಗೆ ಕರೆದರು. ಬೋರ್ಡಿನ ಹಿಂದೆ ಸವರ್ಣ ಹುಡುಗರ ಬುತ್ತಿ ಡಬ್ಬಿಗಳಿದ್ದವು. ಮೈಲಿಗೆಯಾದಾವೆಂದು ಅವರೆಲ್ಲ ಕೂಗಿಕೊಂಡು ಓಡಿ ಡಬ್ಬಿ ಎತ್ತಿಕೊಂಡರು. ಆಮೇಲೆ ಬಾಬಾಸಾಹೇಬರು ಲೆಕ್ಕ ಬಿಡಿಸಿದರು. ಸಂಸ್ಕೃತ ಕಲಿಯಲು ಬಿಡಲಿಲ್ಲ, ಪರ್ಶಿಯನ್ ಓದಿದರು. 1907ರಲ್ಲಿ ಮೆಟ್ರಿಕ್ ಪಾಸಾದಾಗ ಬಂದದ್ದು 750ಕ್ಕೆ 282 ಅಂಕ. ಶೇಕಡಾ 38 ಕೂಡ ಇಲ್ಲ! ಆದರೂ ಜನ ಸಭೆ ಸೇರಿಸಿ ಸನ್ಮಾನ ಮಾಡಿದರು. ಕೇಳುಸ್ಕರ್ ಗುರುಗಳು ತಾವು ಬರೆದ ಬುದ್ಧನ ಚರಿತ್ರೆಯನ್ನು ಆ ಹುಡುಗನ ಕೈಗೆ ಕೊಟ್ಟರು. ಮಾರ್ಕ್ಸು ನೋಡಿ "ಇವ ಸಾಕು ಮಾಡಲಿ" ಅಂತ ಅಂದಿದ್ದರೆ?

ಈಗ ಬೋರ್ಡಿನ ಹಿಂದೆ ಡಬ್ಬಿಗಳಿಲ್ಲ. ಆದರೆ ನಮ್ಮ ಹುಡುಗ ಹಿಂದಿನ ಬೆಂಚು ಬಿಟ್ಟು ಏಳುವುದಿಲ್ಲ. ಏಳಿಸುವವರೂ ಕಡಿಮೆ. "ಗಣಿತ, ಇಂಗ್ಲೀಷು ನಿಮಗ ಬರಂಗಿಲ್ಲ ಬಿಡ್ರೋ" ಎಂಬ ಮಾತು ಕೇಳಿ ಕೇಳಿ ಅವನೂ ಅದನ್ನೇ ಹೇಳುತ್ತಾನೆ. ಔರಾದ ಕಡೆಯ ಹುಡುಗ ಮನೆಯಲ್ಲಿ ಮರಾಠಿ, ಬಜಾರಿನಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಆಡುತ್ತಾನೆ. ಮೂರು ಭಾಷೆ ಆಡುವವ ದಡ್ಡ ಹೇಗಾಗುತ್ತಾನೆ? 1472ರ ಹೊತ್ತಿಗೆ ಮಹಮೂದ ಗಾವಾನ ಬೀದರದಲ್ಲಿ ಮದರಸಾ ಕಟ್ಟಿಸಿದ. ಪರದೇಶದ ಪಂಡಿತರು ಬಂದರು ಅಂತ ಹೆಮ್ಮೆಯಿಂದ ಹೇಳುತ್ತಾರೆ. ಆ ಗೋಡೆಗೆ ಕಲ್ಲು ಹೊತ್ತವರ ಮಕ್ಕಳು ಎಲ್ಲಿ ಓದಿದರು ಅಂತ ಯಾರೂ ಕೇಳುವುದಿಲ್ಲ.

ಇನ್ನು ಚೀಟಿಯ ಮಾತು. ಮುಚ್ಚಿಡುವುದೇನಿದೆ, ಕಿಟಕಿಯಿಂದ ಬಂದ ಚೀಟಿ ನೋಡಿ ಬರೆದವರು ನಮ್ಮಲ್ಲೂ ಇದ್ದಾರೆ. 2024ರಲ್ಲಿ ಪರೀಕ್ಷಾ ಕೋಣೆಗೆ ಕ್ಯಾಮರಾ ಬಂತು. ರಾಜ್ಯದ ಫಲಿತಾಂಶ ಹಿಂದಿನ ವರ್ಷದ 83.89ರಿಂದ 73.40ಕ್ಕೆ ಬಿತ್ತು, ಅದೂ ಕೃಪಾಂಕ ಕೊಟ್ಟ ಮೇಲೆ. ಆ ವರ್ಷ ಕೊನೆಗೆ ನಿಂತದ್ದು ಯಾದಗಿರಿ, 50.59. 2025ರಲ್ಲಿ ಕಲಬುರಗಿ, 42.43. ಎರಡೂ ನಮ್ಮ ಸೀಮೆಯವೇ. ಹುಡುಗರು ಒಂದೇ ವರ್ಷದಲ್ಲಿ ದಡ್ಡರಾದರೇ? ಚೀಟಿ ಕೊಟ್ಟವರು ಉಪಕಾರ ಮಾಡಲಿಲ್ಲ. ಕಲಿಸದೆ ಬಿಟ್ಟದ್ದನ್ನು ಮುಚ್ಚಿಟ್ಟರು, ಅಷ್ಟೇ.

ಪಿಯುಸಿ, ಡಿಗ್ರಿ ಓದುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮನ್ನೇ ಕೇಳುತ್ತೇವೆ. ಸಭೆಯಲ್ಲಿ ಜೈಭೀಮ್ ಅಂದು ಬಂದು ರಾತ್ರಿ ಮೊಬೈಲು ಹಿಡಿದು ಮಲಗಿದರೆ ಆಯಿತೇ? ಹತ್ತನೇ ಕ್ಲಾಸಿನವರ ಹತ್ತಿರ ದಿನಾ ಒಂದು ತಾಸು ಕೂಡ್ರಿ. ಮಾಸ್ತರರ ಕೊರತೆ ಇದ್ದರೆ ವಾರ್ಡನ್ನರಿಗೆ, ಇಲಾಖೆಗೆ ಅರ್ಜಿ ಬರೆಯಿರಿ, ಆದರೆ ಉತ್ತರ ಬರುವತನಕ ಪಾಠ ನಿಲ್ಲಿಸಬೇಡಿ. ತೊಗರಿ ಕೊಯ್ಲಿಗೆ, ಕಬ್ಬು ಕಡಿಯಲಿಕ್ಕೆ ಹೋಗುವ ಅವ್ವ ಅಪ್ಪ ಮಗನನ್ನು ಕರೆಯಲು ಬಂದರೆ ನೀವೇ ಎದುರು ಕೂತು ಮಾತಾಡಿ. ಹಾಜರಿ ಕಡಿಮೆಯಾದರೆ ಪರೀಕ್ಷೆಗೇ ಕೂಡಿಸುವುದಿಲ್ಲ ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ನಾಪಾಸಾದರೆ ವರ್ಷ ಹೋಯಿತು ಅಂತಲೂ ಅಲ್ಲ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಸುತ್ತಿದ್ದಾರೆ. ಇದನ್ನು ಹುಡುಗಿಯರ ಮನೆಗೆ ಮೊದಲು ಮುಟ್ಟಿಸಿ, ಲಗ್ನದ ಮಾತು ಪಕ್ಕಾ ಆಗುವುದಕ್ಕಿಂತ ಮುಂಚೆ.

ಪರೀಕ್ಷೆಯ ಅರ್ಜಿ ತುಂಬುವಾಗ ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಖು, ಜಾತಿ ಎರಡೆರಡು ಸಲ ನೋಡಿಕೊಳ್ಳಿ. ಅಂಕಪಟ್ಟಿಯಲ್ಲಿ ಒಂದಕ್ಷರ ತಪ್ಪಿದರೆ ಸ್ಕಾಲರ್‌ಶಿಪ್ಪಿನಿಂದ ನೌಕರಿಯತನಕ ಕಚೇರಿ ಕಚೇರಿ ಅಲೆಯಬೇಕು.

ಬರುವ ಐತವಾರದಿಂದಲೇ ಸುರು ಮಾಡಿ. ಒಂದು ಕರಿ ಹಲಗೆ, ಒಂದು ಡಬ್ಬಿ ಸೀಮೆಸುಣ್ಣ ಸಾಕು. ಭಿನ್ನರಾಶಿ ಬರದವನಿಗೆ ಭಿನ್ನರಾಶಿಯಿಂದ ಹೇಳಿಕೊಡಿ, ನಗುವವರನ್ನು ಹೊರಗೆ ಕಳಿಸಿ. ಎಲ್ಲರಿಗಿಂತ ಹಿಂದೆ ಕೂತವನನ್ನು ಮೊದಲು ಎಬ್ಬಿಸಿ ಅವನ ಕೈಗೆ ಸೀಮೆಸುಣ್ಣ ಕೊಡಿ.