ಹಣೆಯ ಕುಂಕುಮ ಎಣಿಸುವವರಿಗೆ

ಚೌತಿಗೆ ಇನ್ನೂ ನಾಲ್ಕು ದಿನವಿತ್ತು. ಭಾನುವಾರದ ಆರಾಧನೆ ಮುಗಿಸಿ ಹೊರಬರುತ್ತಿದ್ದ ನಮ್ಮ ಕೈಗೆ ದೇವಾಲಯದ ಬಾಗಿಲಲ್ಲಿ ಒಂದು ಕರಪತ್ರ ಬಂತು. ವಿಶ್ವಾಸಿಗಳಾದವರು ಮನೆಯಲ್ಲಿ, ಕಚೇರಿಯಲ್ಲಿ, ನೆರೆಹೊರೆಯಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಇಪ್ಪತ್ತೆರಡು ಅಂಶಗಳಲ್ಲಿ ತಿಳಿಸುವ ಕರಪತ್ರ. ಒಂದು ಮಗ್ಗುಲು ಇಂಗ್ಲಿಷು, ಇನ್ನೊಂದು ಮಗ್ಗುಲು ಹಿಂದಿ. ಅರ್ಧದಷ್ಟು ಕನ್ನಡಿಗರೇ ಇರುವ ಸಭೆಗೆ ಕನ್ನಡದಲ್ಲಿಯೂ ನಾಲ್ಕು ಮಾತು ಹೇಳಬೇಕೆಂದು ಅಚ್ಚು ಹಾಕಿಸಿದವರಿಗೆ ತೋಚಿರಲಿಲ್ಲ.

ನೆರೆಮನೆಯಿಂದ ಬಂದ ಮೋದಕ ತಿನ್ನಬಾರದು. ಬಾಗಿಲಿಗೆ ಮಾವಿನ ತೋರಣ ಕಟ್ಟಬಾರದು, ಹೊಸ್ತಿಲ ಮುಂದೆ ರಂಗೋಲಿ ಹಾಕಬಾರದು. ಹೆಂಗಸರು ಕುಂಕುಮ ಇಡಬಾರದು, ಹೂ ಮುಡಿಯುವುದನ್ನೂ ಬಿಟ್ಟರೆ ಲೇಸು. ಕಚೇರಿಯಲ್ಲಿ ಖಂಡೇನವಮಿಯ ಪೂಜೆ ನಡೆದರೆ ಆ ದಿನ ರಜೆ ಹಾಕಬೇಕು. ಮಕ್ಕಳಿಗೆ ದೇಶೀಯ ಹೆಸರಿಗಿಂತ ಸತ್ಯವೇದದ ಹೆಸರೇ ಉತ್ತಮ. ಹತ್ತೊಂಬತ್ತನೆಯ ಅಂಶ ಹೀಗಿತ್ತು: ದೀಪ ಬೆಳಗಿಸಿ ಆರಂಭಿಸುವ ಯಾವ ಸಮಾರಂಭದಲ್ಲಿಯೂ ವಿಶ್ವಾಸಿಯು ಭಾಗವಹಿಸತಕ್ಕದ್ದಲ್ಲ.

ಇದು ನಿಮ್ಮ ದೇವಾಲಯದ ಮನೆಜಗಳ, ಸಂಘದ ಮಾಸಿಕದಲ್ಲಿ ಇದಕ್ಕೇನು ಕೆಲಸ ಎಂದು ವಾಚಕರು ಕೇಳಬಹುದು. ಕೆಲಸವಿದೆ. ನಮ್ಮ ಸಂಘದ ರಾಜ್ಯೋತ್ಸವ ಆರಂಭವಾಗುವುದು ದೀಪ ಬೆಳಗಿಸುವುದರಿಂದ. ಗದಗ ಕಡೆಯ ಎರಡು ಕುಟುಂಬಗಳು, ಹತ್ತು ಹನ್ನೆರಡು ವರ್ಷ ತಪ್ಪದೆ ಬಂದು ಸಮೂಹಗಾನಕ್ಕೆ ದನಿ ಕೊಟ್ಟವರು, ಈ ಸಲ ಬರುವುದಿಲ್ಲವೆಂದು ಹೇಳಿ ಕಳುಹಿಸಿದ್ದಾರೆ. ಕಾರಣ ಈ ಹತ್ತೊಂಬತ್ತನೆಯ ಅಂಶ. ಹೊರನಾಡಿನಲ್ಲಿ ಕನ್ನಡದ ಮನೆಗಳೇ ಬೆರಳೆಣಿಕೆಯಷ್ಟು. ಅದರಲ್ಲಿಯೂ ಎರಡು ಮನೆ ಒಂದು ಕರಪತ್ರಕ್ಕೆ ಬಲಿಯಾದರೆ ಸುಮ್ಮನಿರುವುದು ಹೇಗೆ?

ದೇಶೀಯ ವಿಶ್ವಾಸಿಗಳಿಗೆ ಇಂಥ ಪಟ್ಟಿ ಬರೆದುಕೊಟ್ಟವರಲ್ಲಿ ಇವರೇ ಮೊದಲಿಗರೇನಲ್ಲ. 1684ರಲ್ಲಿ ಗೋವೆಯ ಪೋರ್ಚುಗೀಸ್ ವೈಸರಾಯ್ ಅಲ್ಲಿನ ಜನ ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಆಡಲು ಕಲಿಯಬೇಕೆಂದು ಆಜ್ಞೆ ಮಾಡಿದ. 1736ರಲ್ಲಿ ಅಲ್ಲಿನ ಇನ್‌ಕ್ವಿಸಿಷನ್ ಇನ್ನೂ ಉದ್ದವಾದ ಶಾಸನ ಹೊರಡಿಸಿತು. ಅದನ್ನು ಓದಿದರೆ ನಗು ಬರಬೇಕೋ ಅಳು ಬರಬೇಕೋ ತಿಳಿಯದು. ಕ್ರೈಸ್ತ ಗಂಡಸರು ಧೋತರ ಉಡಬಾರದು, ಹೆಂಗಸರು ಚೋಳಿ ತೊಡಬಾರದು. ಮನೆಯ ಬಳಿ ತುಳಸಿ ಗಿಡ ಇರಬಾರದು. ಮದುವೆಯಲ್ಲಿ ಎಲೆ ಅಡಿಕೆ ಹಂಚಬಾರದು, ಕೊಂಕಣಿ ಹಾಡು ಹೇಳಬಾರದು. ಉಪ್ಪು ಹಾಕದೆ ಅನ್ನ ಬೇಯಿಸುವುದು ಹಿಂದೂಗಳ ಪದ್ಧತಿಯಾದ್ದರಿಂದ ಅದೂ ಅಪರಾಧವೇ! ಅನ್ನದ ಪಾತ್ರೆಯೊಳಗೆ ಇಣುಕಿ ನೋಡಿ ಧರ್ಮವನ್ನು ಅಳೆದ ಕಾಲ ಅದು.

ಫಲವೇನಾಯಿತು? ಗೋವೆಯಿಂದ ಕನ್ನಡ ಜಿಲ್ಲೆಗೆ ಬಂದು ನೆಲೆಸಿದ ಕೊಂಕಣಿ ಕ್ರೈಸ್ತರ ಮದುವೆ ಮನೆಗೆ ಇಂದು ಹೋಗಿ ನೋಡಿರಿ. ಮದುವೆಯ ಮುಂಚಿನ ದಿನ ವಧೂವರರಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ರೋಸ್ ಶಾಸ್ತ್ರ ಇದೆ, ಕೊಂಕಣಿ ಹಾಡೂ ಇದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಗೆ ತಂದು ಹೊಸ ಅಕ್ಕಿಯ ಊಟ ಮಾಡುತ್ತಾರೆ. ಶಾಸನ ಹೊರಡಿಸಿದ ಇನ್‌ಕ್ವಿಸಿಷನ್ 1812ರಲ್ಲಿಯೇ ಶಾಶ್ವತವಾಗಿ ಮುಚ್ಚಿತು. ಆ ಜನ ಇಗರ್ಜಿಯನ್ನೂ ಬಿಡಲಿಲ್ಲ, ಹಾಡನ್ನೂ ಬಿಡಲಿಲ್ಲ.

ರೋಮ್ ತಾನೇ ಆಮೇಲೆ ದಾರಿ ಬದಲಿಸಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ, 1969ರಲ್ಲಿ, ಭಾರತದ ಬಿಷಪ್ಪರು ಕೇಳಿಕೊಂಡ ಹನ್ನೆರಡು ಅಂಶಗಳಿಗೆ ಅದು ಒಪ್ಪಿಗೆ ಕೊಟ್ಟಿತು. ಪಾದರಕ್ಷೆ ಕಳಚಿ ನೆಲದ ಮೇಲೆ ಕುಳಿತು ಪೂಜೆಯಲ್ಲಿ ಭಾಗವಹಿಸಬಹುದು, ಮೊಣಕಾಲೂರುವ ಬದಲು ಕೈಮುಗಿಯಬಹುದು, ಆರತಿ ಎತ್ತಬಹುದು, ಮೇಣದ ಬತ್ತಿಯ ಬದಲು ಎಣ್ಣೆಯ ದೀಪ ಹಚ್ಚಬಹುದು. ಅಲ್ಲಿ ಹನ್ನೆರಡು 'ಬಹುದು', ಇಲ್ಲಿ ಇಪ್ಪತ್ತೆರಡು 'ಬಾರದು'. ನಾವು ರೋಮಿನವರಲ್ಲ, ಪ್ರಾಟೆಸ್ಟಂಟರು, ನಮಗೆ ಸತ್ಯವೇದವೊಂದೇ ಪ್ರಮಾಣ ಎಂದು ಕರಪತ್ರದವರು ಹೇಳಿಯಾರು. ಆಗಲಿ, ಸತ್ಯವೇದವನ್ನೇ ತೆರೆಯೋಣ.

ಯೆಹೂದ್ಯರಲ್ಲದವರು ಕ್ರಿಸ್ತನನ್ನು ನಂಬಿದಾಗ ಅವರು ಯೆಹೂದ್ಯರ ಆಚಾರಗಳನ್ನೆಲ್ಲ ಹೊರಬೇಕೇ ಎಂಬ ಪ್ರಶ್ನೆ ಅಪೊಸ್ತಲರ ಕಾಲದಲ್ಲಿಯೇ ಎದ್ದಿತ್ತು. ಯೆರೂಸಲೇಮಿನಲ್ಲಿ ಹಿರಿಯರು ಕೂಡಿ ಆ ಭಾರ ಹೊರಿಸಕೂಡದೆಂದು ತೀರ್ಮಾನಿಸಿದರು. ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯದಲ್ಲಿ ಇದೆಲ್ಲ ಇದೆ. ವಿಗ್ರಹಕ್ಕೆ ಅರ್ಪಿಸಿದ್ದನ್ನು ಬಿಡಬೇಕೆಂಬ ಮಾತೂ ಅದೇ ಅಧ್ಯಾಯದಲ್ಲಿದೆ, ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಅದೇ ಪ್ರಶ್ನೆಯನ್ನು ಕೊರಿಂಥದ ಸಭೆಯವರು ಕೇಳಿದಾಗ ಪೌಲನು ಕೊಟ್ಟ ಉತ್ತರವನ್ನು ಕರಪತ್ರದವರು ಮುಚ್ಚಿಟ್ಟಿದ್ದಾರೆ. ವಿಗ್ರಹದ ಪಂಕ್ತಿಯಲ್ಲಿ ಪಾಲುಗೊಳ್ಳಬೇಡಿ ಎಂದವನೇ, ಪೇಟೆಯಲ್ಲಿ ಮಾರುವುದನ್ನು ವಿಚಾರಿಸದೆ ತಿನ್ನಿರಿ, ನಂಬದವರು ಊಟಕ್ಕೆ ಕರೆದರೆ ಬಡಿಸಿದ್ದನ್ನು ಪ್ರಶ್ನಿಸದೆ ಉಣ್ಣಿರಿ ಎಂಬ ಅರ್ಥದ ಮಾತು ಬರೆದಿದ್ದಾನೆ. ಮತ್ತೊಬ್ಬನ ಮನಸ್ಸಾಕ್ಷಿಗೆ ನೋವಾಗುವಂತಿದ್ದರೆ ಮಾತ್ರ ಬಿಡಿರಿ ಎಂದಿದ್ದಾನೆ. ಅವನ ಅಳತೆಗೋಲು ನೆರೆಯವನ ಮನಸ್ಸು. ಚೌತಿಯಂದು ಡಬ್ಬಿ ಹಿಡಿದು ಬರುವ ಎದುರುಮನೆಯ ಕಾಕೂ, ಕ್ರಿಸ್ಮಸ್ಸಿಗೆ ನಾವು ಕಳುಹಿಸುವ ಕರ್ಚಿಕಾಯಿಯ ಮೇಲೆ ಯಾವ ಪ್ರಾರ್ಥನೆಯಾಗಿದೆ ಎಂದು ಒಮ್ಮೆಯೂ ಕೇಳಿದವರಲ್ಲ. ಅವರ ಡಬ್ಬಿಯನ್ನು ಬಾಗಿಲಲ್ಲಿಯೇ ಹಿಂದಿರುಗಿಸಿದರೆ ಯಾವ ಸುವಾರ್ತೆ ಸಾರಿದಂತಾಯಿತು?

ಇನ್ನು ಖಂಡೇನವಮಿ. ಸರ್ಕಾರಿ ಕಚೇರಿಯಲ್ಲಿ ದುಡಿಯುವ ನಮಗೆ ಇದು ಪ್ರತಿ ವರ್ಷದ ಪ್ರಸಂಗ. ಜವಾನ ಬೀರು, ಟೇಬಲ್ಲು, ಕಂಪ್ಯೂಟರುಗಳಿಗೆ ಹೂ ಏರಿಸಿ, ಚುರುಮುರಿ ಪೇಢೆ ಹಂಚುತ್ತಾನೆ. ಆಗ ಏನು ಮಾಡಬೇಕು? ಅರಸುಗಳ ಎರಡನೆಯ ಪುಸ್ತಕದ 5ನೆಯ ಅಧ್ಯಾಯದಲ್ಲಿ ಅರಾಮ್ಯರ ಸೇನಾಪತಿ ನಾಮಾನನ ಕಥೆಯಿದೆ. ಕುಷ್ಠ ವಾಸಿಯಾಗಿ ಇಸ್ರಾಯೇಲರ ದೇವರನ್ನು ನಂಬಿದ ಮೇಲೆ ಅವನಿಗೂ ಇದೇ ಕಚೇರಿಯ ತೊಡಕು. ಅರಸನು ರಿಮ್ಮೋನನ ಗುಡಿಯಲ್ಲಿ ತನ್ನ ಕೈಯನ್ನು ಆತುಕೊಂಡು ಬಾಗುವಾಗ ತಾನೂ ಬಾಗಬೇಕಾಗುತ್ತದೆ, ಇದಕ್ಕೆ ಕ್ಷಮೆಯುಂಟೇ ಎಂದು ಪ್ರವಾದಿ ಎಲೀಷನನ್ನು ಕೇಳಿದ. ಎಲೀಷ ಅವನ ಕೈಗೆ ಪಟ್ಟಿ ಕೊಡಲಿಲ್ಲ. ಸಮಾಧಾನದಿಂದ ಹೋಗೆಂದು ಹೇಳಿ ಕಳುಹಿಸಿದ. ನಾವು ಪೂಜೆ ಮಾಡುವುದಿಲ್ಲ, ಆರತಿ ಹಿಡಿಯುವುದಿಲ್ಲ. ಜೊತೆಯವರೊಡನೆ ನಿಂತು, ಪೇಢೆ ತಿಂದು, ಮೇಜಿಗೆ ಹಿಂತಿರುಗುತ್ತೇವೆ. ಇದರಿಂದ ನಂಬಿಕೆ ಸವೆದಿದೆಯೆಂದು ನಮಗೆ ಕಂಡಿಲ್ಲ.

ಕುಂಕುಮದ ವಿಷಯ ಬಂದಾಗ ಬಿ.ಎಸ್ಸಿ. ತರಗತಿಯ ಪ್ರಯೋಗಶಾಲೆ ನೆನಪಾಗುತ್ತದೆ. ಅರಿಸಿನದಲ್ಲಿ ಅದ್ದಿದ ಕಾಗದ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಅದೇ ಕ್ರಿಯೆ. ಆ ಕೆಂಪಿಗೆ ತಾನಾಗಿ ಯಾವ ಮತವೂ ಇಲ್ಲ. ಹಾಗೆಂದು ಎಲ್ಲರೂ ಇಡಲೇಬೇಕೆಂದು ನಾವು ವಾದಿಸುತ್ತಿಲ್ಲ. ಬಾಸೆಲ್ ಮಿಶನ್ನಿನ ಸಂಪ್ರದಾಯದ ನಮ್ಮ ಮನೆಗಳಲ್ಲಿ ಆ ರೂಢಿಯಿಲ್ಲ, ನಮ್ಮ ಹೆಂಗಸರು ಇಡುವುದೂ ಇಲ್ಲ. ಇಡುವವಳ ನಂಬಿಕೆಯನ್ನು ಅವಳ ಹಣೆ ನೋಡಿ ತೂಗುವ ಅಧಿಕಾರ ಯಾರಿಗೂ ಇಲ್ಲವೆಂಬುದಷ್ಟೇ ನಮ್ಮ ವಾದ.

ಎದುರು ಪಕ್ಷದಲ್ಲಿ ಒಂದು ಬಲವಾದ ಮಾತುಂಟು, ಅದನ್ನು ನಾವೇ ಹೇಳಿಬಿಡುತ್ತೇವೆ. ಆಚಾರವನ್ನು ಒಳಗೆ ಬಿಟ್ಟರೆ ಅದರ ಬೆನ್ನಿಗೇ ಜಾತಿಯೂ ಒಳಗೆ ಬರುತ್ತದೆ ಎಂಬ ಮಾತು. ಇದು ಸುಳ್ಳಲ್ಲ. 1606ರಲ್ಲಿ ಮದುರೆಗೆ ಬಂದ ಜೆಸ್ವಿಟ್ ಪಾದ್ರಿ ರಾಬರ್ಟ್ ಡಿ ನೊಬಿಲಿ ಕಾವಿಯುಟ್ಟು, ಮಾಂಸ ಬಿಟ್ಟು, ಸಂಸ್ಕೃತ ಕಲಿತ. ಶಿಷ್ಯರಿಗೆ ಜುಟ್ಟು ಜನಿವಾರಗಳನ್ನು ಉಳಿಸಿಕೊಳ್ಳಲು ಬಿಟ್ಟ. ಮೆಚ್ಚಬೇಕಾದ ಸಾಹಸವೇ. ಆದರೆ ಆ ಮಿಶನ್ನಿನಲ್ಲಿ ಮೇಲಿನವರಿಗೆ ಒಬ್ಬ ಗುರು, ಕೆಳಗಿನವರಿಗೆ ಇನ್ನೊಬ್ಬ ಗುರು ಎಂಬ ಪದ್ಧತಿಯೂ ಬೆಳೆಯಿತು. ಪಾಂಡಿಚೇರಿಗೆ ಬಂದ ರೋಮಿನ ಪ್ರತಿನಿಧಿ ಟೂರ್ನೋನ್ 1704ರಲ್ಲಿ ಆಚಾರಗಳನ್ನು ನಿಷೇಧಿಸಿ ಹೊರಡಿಸಿದ ಆಜ್ಞೆಯಲ್ಲಿಯೇ, ಹೊಲೆಯರ ಮನೆಗೆ ಹೋಗಿ ರೋಗಿಗಳಿಗೆ ಸಂಸ್ಕಾರ ಕೊಡಲೇಬೇಕೆಂಬ ವಿಧಿಯೂ ಇತ್ತು. ತಾಳಿ, ವಿಭೂತಿಗಳ ಬಗ್ಗೆ ಆತ ಹೇಳಿದ್ದನ್ನು ನಾವು ಒಪ್ಪದಿರಬಹುದು, ಈ ವಿಧಿಯ ಮುಂದೆ ತಲೆ ಬಾಗಲೇಬೇಕು. ನಮ್ಮ ಬಾಸೆಲ್ ಮಿಶನ್ನಿನವರೂ ಸಭೆಯೊಳಗೆ ಜಾತಿಯನ್ನು ಬಿಟ್ಟುಕೊಳ್ಳಬಾರದೆಂದು ಹಟ ಹಿಡಿದವರೇ.

ಹಾಗಾದರೆ ನಮ್ಮ ಕರಪತ್ರದ ಇಪ್ಪತ್ತೆರಡು ಅಂಶಗಳಲ್ಲಿ ಜಾತಿಯ ಮಾತು ಎಲ್ಲಿದೆ? ನಾವು ಎರಡು ಸಲ ಓದಿದೆವು. ಎಲ್ಲಿಯೂ ಇಲ್ಲ! ತೋರಣ ಕಟ್ಟದ ಅದೇ ಹಿರಿಯರು, ಮಗನಿಗೆ ಹೆಣ್ಣು ನೋಡುವಾಗ ಅಜ್ಜನ ಕಾಲದ ಕುಲ ಯಾವುದೆಂದು ಮೆಲ್ಲಗೆ ವಿಚಾರಿಸುವುದನ್ನು ನಾವು ಕಂಡಿದ್ದೇವೆ. ದೀಕ್ಷಾಸ್ನಾನವಾಗಿ ನಾಲ್ಕು ತಲೆಮಾರು ಕಳೆದ ಮನೆಗಳಲ್ಲಿ! ವರದಕ್ಷಿಣೆಯ ಮಾತೂ ಇಲ್ಲ. 1961ರ ಕಾಯಿದೆ ಅದನ್ನು ಅಪರಾಧವೆಂದಿದೆ. ಕೇಂದ್ರ ಸರ್ಕಾರಿ ನೌಕರರ 1964ರ ನಡವಳಿಕೆ ನಿಯಮಗಳಲ್ಲಿ 13-ಎ ಎಂಬ ನಿಯಮ ಅದಕ್ಕಾಗಿಯೇ ಇದೆ, ಕೊಡಬಾರದು, ತೆಗೆದುಕೊಳ್ಳಬಾರದು, ಕೇಳಲೂಬಾರದು ಎಂದು. ಸರ್ಕಾರ ತನ್ನ ಗುಮಾಸ್ತನಿಗೆ ಹೇಳುವ ಮಾತನ್ನು ಸಭೆ ತನ್ನ ವಿಶ್ವಾಸಿಗೆ ಹೇಳಲಾರದೇ? ಮನೆಗೆಲಸದ ಹೆಂಗಸಿಗೆ ಬೇರೆ ಲೋಟ ಇಡುವ ಮಾತಿಲ್ಲ. ಸಾಲ ಮಾಡಿ ಮದುವೆ ಮಾಡುವ, ಕುಡಿದು ಮನೆಗೆ ಬರುವ ಮಾತಿಲ್ಲ. ದಿನನಿತ್ಯದ ಬದುಕಿಗೆ ಮಾರ್ಗದರ್ಶನ ಬೇಕಾದದ್ದು ಇಲ್ಲಿಯೇ ಅಲ್ಲವೇ? ಮೋದಕ ವರ್ಷಕ್ಕೊಮ್ಮೆ ಬರುತ್ತದೆ. ಇವೆಲ್ಲ ದಿನವೂ ಮನೆಯಲ್ಲಿವೆ.

ಮತ್ತು ಭಾಷೆ. ಮೂರು ವರ್ಷದ ಹಿಂದೆ ಬೆಟಗೇರಿಯಿಂದ ಬಂದ ಒಬ್ಬ ಅಜ್ಜಿ ಇಲ್ಲಿಯೇ ಪುಣೆಯಲ್ಲಿ ತೀರಿಕೊಂಡರು. ತೀರಿಕೊಳ್ಳುವ ಹಿಂದಿನ ರಾತ್ರಿ ಕೀರ್ತನೆ ಓದಿರಿ ಎಂದು ಕೇಳಿದರಂತೆ. ದಿಂಬಿನ ಬದಿಯಲ್ಲಿ ಕನ್ನಡ ಸತ್ಯವೇದವಿತ್ತು. ಮನೆಯಲ್ಲಿ ಆರು ಜನರಿದ್ದರು, ಮಗ ದಿನಪಾಳಿ ರಾತ್ರಿಪಾಳಿಯಲ್ಲಿ ದುಡಿದು ದಣಿದವನು, ಆ ಹೊತ್ತಿಗೆ ಕಾರ್ಖಾನೆಯಲ್ಲಿದ್ದ. ಉಳಿದವರಲ್ಲಿ ಯಾರಿಗೂ ಕನ್ನಡ ಓದಲು ಬರುತ್ತಿರಲಿಲ್ಲ. ಮೊಮ್ಮಗಳು ಇಂಗ್ಲಿಷಿನಲ್ಲಿ ಓದಿದಳು. ಅಜ್ಜಿ ಸ್ವಲ್ಪ ಹೊತ್ತು ಕೇಳಿ ಸಾಕು ಎಂದು ಕೈ ಮಾಡಿದರು. ಅಂತ್ಯಸಂಸ್ಕಾರವೂ ಇಂಗ್ಲಿಷಿನಲ್ಲಿಯೇ ಆಯಿತು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಅವನ ಜೊತೆಯವರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ವರ್ಷಗಟ್ಟಲೆ ಕುಳಿತು ಸತ್ಯವೇದವನ್ನು ಕನ್ನಡಕ್ಕೆ ತಂದದ್ದು ಇಂಥ ಅಜ್ಜಿಯಂದಿರಿಗಾಗಿ. ಕಿಟ್ಟೆಲ್ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿ 'ಕಥಾಮಾಲೆ' ಎಂದು 1862ರಲ್ಲಿ ಅಚ್ಚು ಹಾಕಿಸಿದ. ನಿಘಂಟು ಬಂದದ್ದು ಅದರ ಮೂವತ್ತೆರಡು ವರ್ಷದ ಮೇಲೆ. ಹೊರದೇಶದಿಂದ ಬಂದವರು ಕನ್ನಡ ಕಲಿತು ದೇವರ ಮಾತು ಹೇಳಿದರು. ಕನ್ನಡದಲ್ಲಿಯೇ ಹುಟ್ಟಿದ ನಾವು ಕನ್ನಡ ಮರೆತು ಹೊರದೇಶದ ಮಾತಿನಲ್ಲಿ ಅಜ್ಜಿಯನ್ನು ಮಣ್ಣು ಮಾಡಿದೆವು.

ಉತ್ತಂಗಿ ಚನ್ನಪ್ಪನವರ ಹೆಸರು ಈ ಕರಪತ್ರ ಬರೆದವರಿಗೆ ಗೊತ್ತಿದೆಯೋ ಇಲ್ಲವೋ. ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ಅವರು ಬಾಸೆಲ್ ಮಿಶನ್ನಿನ ಸಭಾಪಾಲಕರು. ಊರೂರು ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದವರು ಅವರೇ. ಬಸವಾದಿ ಶರಣರ ವಚನಗಳನ್ನೂ ಅಷ್ಟೇ ಶ್ರದ್ಧೆಯಿಂದ ಓದಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿದರು. ಹತ್ತೊಂಬತ್ತನೆಯ ಅಂಶದ ಪ್ರಕಾರ ಅವರು ಆ ವೇದಿಕೆ ಹತ್ತುವುದಕ್ಕೆ ಮುನ್ನ ಅಲ್ಲಿ ದೀಪವಿದೆಯೋ ಎಂದು ವಿಚಾರಿಸಿ ಹಿಂದಿರುಗಬೇಕಿತ್ತೇನೋ!

ಇಷ್ಟು ಹೇಳಿದ ಮೇಲೆ ಸಂಘದ ಬಂಧುಗಳಿಗೂ ಒಂದು ಮಾತು, ಕಹಿಯಾದರೂ ಕೇಳಬೇಕು. ಮಹಿಳಾ ವಿಭಾಗದ ಸಂಕ್ರಾಂತಿಯ ಅರಿಸಿನ-ಕುಂಕುಮಕ್ಕೆ ನಮ್ಮ ಮನೆಗಳಿಗೆ ಕರೆ ಬರುವುದಿಲ್ಲ. "ಅವರು ಇಡೋದಿಲ್ಲವಲ್ಲ, ಕರೆದರೆ ಮುಜುಗರ" ಎಂಬ ಸೌಜನ್ಯವಂತೆ. ಎಳ್ಳು ಬೆಲ್ಲಕ್ಕೂ ಮುಜುಗರವೇ? ಹೊಸದಾಗಿ ಸದಸ್ಯರಾದವರು ನಮ್ಮ ಹೆಸರು ಕೇಳಿದೊಡನೆ, "ನೀವು ಮನೆಯಲ್ಲಿ ಇಂಗ್ಲಿಷ್ ಆಡ್ತೀರಲ್ಲವೇ?" ಎಂದು ಕೇಳುತ್ತಾರೆ, ಅದೂ ಇಂಗ್ಲಿಷಿನಲ್ಲಿ. ದೇವಾಲಯದ ಬಾಗಿಲಲ್ಲಿ ನಿಂತವರು ಕುಂಕುಮ ಇದೆಯೆಂದು ಎಣಿಸುತ್ತಾರೆ, ಸಂಘದ ಬಾಗಿಲಲ್ಲಿ ನಿಂತವರು ಇಲ್ಲವೆಂದು ಎಣಿಸುತ್ತಾರೆ. ಈ ಎರಡು ಲೆಕ್ಕದ ನಡುವೆ ನಮ್ಮ ಮಕ್ಕಳು ಕನ್ನಡವನ್ನು ಎಲ್ಲಿ ಆಡಬೇಕು?

ಮುಂದಿನ ಭಾನುವಾರ ನಾವು ನಾಲ್ಕು ಮನೆಯವರು ಸೇರಿ, ಆ ಕರಪತ್ರದ ಜೊತೆ ಕನ್ನಡದಲ್ಲಿ ಒಂದು ಹಾಳೆ ಬರೆದು ಸಹಿ ಹಾಕಿ ಸಭಾಪಾಲಕರ ಕೈಗೆ ಕೊಟ್ಟೆವು. ಅದರಲ್ಲಿ ಕೇಳಿದ್ದು ಮೂರೇ: ವರದಕ್ಷಿಣೆ ಪಡೆದ ಮದುವೆಯನ್ನು ನೀವು ನಡೆಸಿಕೊಡುವಿರಾ, ಸಂಬಂಧ ನೋಡುವಾಗ ಜಾತಿ ಕೇಳಿದ ಹಿರಿಯರು ಹಿರಿಯರಾಗಿ ಮುಂದುವರಿಯಬಹುದೇ, ತಿಂಗಳಿಗೆ ಒಂದು ಆರಾಧನೆಯಾದರೂ ಕನ್ನಡದಲ್ಲಿ ಆದೀತೇ. ಅಯ್ಯನವರು ಸಜ್ಜನರು. ನಿಂತಲ್ಲೇ ಪೂರ್ತಿ ಓದಿ, ಮಡಿಚಿ ಜೇಬಿಗಿಟ್ಟುಕೊಂಡು, ಹಿರಿಯರ ಕೂಟದಲ್ಲಿ ಇಡುತ್ತೇನೆ ಎಂದರು. ಆಮೇಲೆ ಎರಡು ಸಲ ಜ್ಞಾಪನ ಪತ್ರ ಬರೆದಿದ್ದೇವೆ. ಗದಗಿನ ಎರಡು ಮನೆಗಳಿಗೂ ಆ ಹಾಳೆಯ ಪ್ರತಿ ತಲುಪಿಸಿದ್ದೇವೆ. ಸಮೂಹಗಾನದ ಅಭ್ಯಾಸ ಎಂದಿನಂತೆ ಶನಿವಾರ ಸಂಜೆ ಆರು ಗಂಟೆಗೆ, ಅವರ ಕುರ್ಚಿಗಳನ್ನು ತೆಗೆಯಬಾರದೆಂದು ಕಾರ್ಯದರ್ಶಿಗಳಲ್ಲಿ ವಿನಂತಿ.