ಗುಡಿಸುವ ನೆಪದಲ್ಲಿ ಗುಡಿಸೇ ಹೋಯಿತು

ಪುಣೆಯಿಂದ ಸಾತಾರಾ ರಸ್ತೆ ಹಿಡಿದು ಹೊರಟರೆ ಕಾತ್ರಜ್‌ಗಿಂತ ಮೊದಲು ಸಿಗುವುದು ಧನಕವಡಿ. ಭಾರತಿ ವಿದ್ಯಾಪೀಠದ ಆವರಣ ಅಲ್ಲೇ ಇರುವುದರಿಂದ ಅದು ಹೊರಗಿನಿಂದ ಬಂದ ವಿದ್ಯಾರ್ಥಿಗಳ ಊರೂ ಹೌದು. ವಿಜಯಪುರದಿಂದ ಬಂದ ಹುಡುಗನೊಬ್ಬ ತನ್ನ ಕೋಣೆಯ ಬಾಡಿಗೆ ಕರಾರಿನ ಪಿಡಿಎಫ್‌ಗೆ ಕನ್ನಡದಲ್ಲೇ ‘ಧನಕವಡಿ’ ಎಂದು ಹೆಸರಿಟ್ಟು ಯಾವುದೋ ಜಾಲತಾಣಕ್ಕೆ ಅಪ್‌ಲೋಡ್ ಮಾಡಿದ ಎನ್ನೋಣ. ತಾಣವನ್ನು ಕಟ್ಟಿದ್ದು ಜಾಂಗೊದಲ್ಲಾದರೆ, ಹೆಸರನ್ನು ಶುದ್ಧ ಮಾಡುವ ಅದರ ಕೋಡ್ ಕೊನೆಯ ಗುಡಿಸನ್ನು ಕಿತ್ತು ‘ಧನಕವಡ’ ಮಾಡುತ್ತದೆ. ಮರಾಠಿಯಲ್ಲಿ ಬರೆದರೂ ಅದೇ ಗತಿ.

ಕಾರಣ ಸರಳ. ಯೂನಿಕೋಡ್ ಲೆಕ್ಕದಲ್ಲಿ ‘ಡ’ ಅಕ್ಷರ. ಗುಡಿಸು, ಕೊಂಬು, ಹಲಂತಗಳು ಬರೀ ಚಿಹ್ನೆಗಳು. ಪೈಥಾನ್‌ನ ರೆಜೆಕ್ಸ್ ‘ಪದದ ಅಕ್ಷರ’ ಎಂದು ಒಪ್ಪುವುದು ಅಕ್ಷರ, ಅಂಕಿ, ಅಂಡರ್‌ಸ್ಕೋರ್‌ಗಳನ್ನು ಮಾತ್ರ. ಹಾಗಾಗಿ ಗಡಿ, ಗುಡಿ, ಗಾಡಿ ಮೂರೂ ‘ಗಡ’. ವಿದ್ಯಾರ್ಥಿ ‘ವದಯರಥ’.

ಫ್ಲಾಸ್ಕ್ ಬಳಸುವವರು ನೆಚ್ಚಿಕೊಂಡಿರುವ ‘ಸೆಕ್ಯೂರ್ ಫೈಲ್‌ನೇಮ್’ ಇನ್ನೂ ಒರಟು. ಅದು ಆಸ್ಕಿ ಅಲ್ಲದ್ದನ್ನೆಲ್ಲ ಎಸೆಯುತ್ತದೆ. ಊರು ಪೂರ್ತಿ ಮಾಯವಾಗಿ ಫೈಲಿನ ಹೆಸರು ಬರೀ ‘ಪಿಡಿಎಫ್’ ಎಂದು ಉಳಿಯುತ್ತದೆ. ಮುಂದಿನವಳು ತನ್ನ ಅಂಕಪಟ್ಟಿಗೆ ಕನ್ನಡ ಹೆಸರಿಟ್ಟರೆ ಅದೂ ‘ಪಿಡಿಎಫ್’. ಅದೇ ಫೋಲ್ಡರಿಗೆ ನೇರವಾಗಿ ಸೇವ್ ಮಾಡುವ ಕೋಡ್ ಆದರೆ ಹುಡುಗನ ಕರಾರುಪತ್ರದ ಮೇಲೆ ಅವಳ ಅಂಕಪಟ್ಟಿ ಕೂರುತ್ತದೆ. ಇದನ್ನು ಸುರಕ್ಷತೆ ಎನ್ನುವುದು ಹೇಗೆ?

ಅಪಾಯ ಸುಳ್ಳಲ್ಲ. ಎರಡು ಚುಕ್ಕಿ, ಒಂದು ಓರೆಗೆರೆ ಸೇರಿಸಿ ಫೋಲ್ಡರಿನಿಂದಾಚೆ ಜಿಗಿಯುವವರಿದ್ದಾರೆ. ಹೆಸರಿನೊಳಗೆ ಸ್ಕ್ರಿಪ್ಟ್ ತುರುಕುವವರೂ ಇದ್ದಾರೆ. ಆದರೆ ಕೊಂಬು, ಗುಡಿಸುಗಳಿಂದ ಯಾವ ಸರ್ವರ್ರೂ ಬಿದ್ದಿಲ್ಲ. ಡಿಸ್ಕಿನಲ್ಲಿ ಫೈಲಿಗೆ ಸರ್ವರ್ ತಾನೇ ಹುಟ್ಟಿಸಿದ ಗುರುತುಸಂಖ್ಯೆ ಕೊಡಬೇಕು, ಬಳಕೆದಾರರು ಇಟ್ಟ ಹೆಸರನ್ನು ಡೇಟಾಬೇಸಿನಲ್ಲಿ ಇದ್ದ ಹಾಗೇ ಇಡಬೇಕು, ಪುಟದಲ್ಲಿ ತೋರಿಸುವಾಗ ಎಸ್ಕೇಪ್ ಮಾಡಬೇಕು. ಆಗ ಹೆಸರಿಗೆ ಕತ್ತರಿ ಹಾಕುವ ಕೆಲಸವೇ ಇರುವುದಿಲ್ಲ.

ಯೂಸರ್‌ನೇಮ್ ವಿಷಯ ಮಾತ್ರ ಅಷ್ಟು ಸಲೀಸಲ್ಲ. ಅನುಸ್ವಾರ ‘ಂ’ ಮತ್ತು ಸೊನ್ನೆ ‘೦’ ಕಣ್ಣಿಗೆ ಒಂದೇ. ತೆಲುಗಿನ ಎಷ್ಟೋ ಅಕ್ಷರಗಳು ಕನ್ನಡದ ಅವಳಿಗಳಂತಿವೆ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ನುಸುಳಬಹುದು. ಅದಕ್ಕೆಂದು ಕಾಣದ ಅಕ್ಷರಗಳನ್ನೆಲ್ಲ ಅಳಿಸಿದರೆ ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗುತ್ತದೆ. ಒಂದೇ ಹೆಸರು ಎರಡು ಸಲ ನೋಂದಣಿಯಾಗದಂತೆ ಹೋಲಿಸಲು ಆ ಬೋಳು ರೂಪ ಒಳಗಿರಲಿ. ಪರದೆಯ ಮೇಲೆ ಅವರು ಬರೆದದ್ದೇ ಕಾಣಲಿ.