ಸಣ್ಣ ಟ್ರ್ಯಾಕ್ಟರಿನ ಎಂಜಿನ್: ದುರಸ್ತಿಯೋ, ಬದಲಾವಣೆಯೋ?

ಅಮರಗೋಳದ ಎಪಿಎಂಸಿ ಪ್ರಾಂಗಣಕ್ಕೆ ಹತ್ತಿ, ಶೇಂಗಾ, ಕಡಲೆ, ಒಣಮೆಣಸಿನಕಾಯಿ ಚೀಲಗಳನ್ನು ತರುವ ಟ್ರೇಲರುಗಳಿಂದ ಹಿಡಿದು ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳ ಆವರಣದೊಳಗೆ ಕಚ್ಚಾ ಮಾಲು ಸಾಗಿಸುವ ಕೆಲಸದವರೆಗೆ, ಹುಬ್ಬಳ್ಳಿ-ಧಾರವಾಡದ ವ್ಯವಹಾರದಲ್ಲಿ ಟ್ರ್ಯಾಕ್ಟರು ಇಂದು ಕೇವಲ ಒಕ್ಕಲುತನದ ಸಾಧನವಾಗಿ ಉಳಿದಿಲ್ಲ. ಅನೇಕ ವರ್ತಕರ ಹಾಗೂ ಸಣ್ಣ ಉತ್ಪಾದಕರ ಆಸ್ತಿ ಪಟ್ಟಿಯಲ್ಲಿ ಅದಕ್ಕೂ ಒಂದು ಸ್ಥಾನವಿದೆ. ಅದರಲ್ಲಿಯೂ 15ರಿಂದ 25 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರುಗಳು ಬಾಡಿಗೆಗೂ ಸ್ವಂತ ಕೆಲಸಕ್ಕೂ ಒದಗುತ್ತವೆ. ಇಂತಹ ಟ್ರ್ಯಾಕ್ಟರಿನ ಎಂಜಿನ್ ಆಯಿಲ್ ಕುಡಿಯತೊಡಗಿ, ಹೊಗೆ ಹೆಚ್ಚಾಗಿ, ಎಳೆಯುವ ಶಕ್ತಿ ಕುಂದಿದಾಗ ಮಾಲೀಕನ ಮುಂದೆ ಎರಡು ದಾರಿಗಳು ತೆರೆದುಕೊಳ್ಳುತ್ತವೆ. ಹಳೆಯ ಎಂಜಿನ್ನನ್ನು ಬಿಚ್ಚಿ ಪೂರ್ಣ ಕೆಲಸ ಮಾಡಿಸುವುದು ಒಂದು. ಅದನ್ನು ಇಳಿಸಿ ಬೇರೆ ಎಂಜಿನ್ ಕೂಡಿಸುವುದು ಇನ್ನೊಂದು.

ಸಾಮಾನ್ಯವಾಗಿ ಈ ನಿರ್ಧಾರ ಎರಡೇ ಅಂಕಿಗಳ ಮೇಲೆ ನಿಲ್ಲುತ್ತದೆ: ಮಿಸ್ತ್ರಿ ಹೇಳಿದ ಅಂದಾಜು ಮತ್ತು ಡೀಲರು ಹೇಳಿದ ಬೆಲೆ. ಎರಡರಲ್ಲಿ ಯಾವುದು ಚಿಕ್ಕದೋ ಅದೇ ಲಾಭವೆಂದು ತಿಳಿಯಲಾಗುತ್ತದೆ. ಅಂಗಡಿಯ ದಾಸ್ತಾನಿನಲ್ಲಿ ಒಂದೊಂದು ಪೈಸೆಯನ್ನೂ ಅಳೆದು ನೋಡುವ ವ್ಯಾಪಾರಸ್ಥರು ಯಂತ್ರದ ವಿಷಯ ಬಂದಾಗ ಮಾತ್ರ ಬಾಯಿಮಾತಿನ ಅಂದಾಜಿಗೆ ಒಪ್ಪಿಕೊಳ್ಳುವುದು ವಿಚಿತ್ರ. ದುರಸ್ತಿಯೇ ಒಳ್ಳೆಯದು ಅಥವಾ ಬದಲಾವಣೆಯೇ ಒಳ್ಳೆಯದು ಎಂಬ ಸಾರ್ವತ್ರಿಕ ನಿಯಮವಿಲ್ಲ. ಆದರೆ ಅಳತೆಯಿಲ್ಲದೆ ಮತ್ತು ಗಂಟೆಯ ಲೆಕ್ಕವಿಲ್ಲದೆ ಕೈಗೊಂಡ ನಿರ್ಧಾರ, ಎರಡರಲ್ಲಿ ಯಾವುದೇ ಆಗಿರಲಿ, ದುಬಾರಿಯಾಗುವ ಸಂಭವವೇ ಹೆಚ್ಚು.

ಅಳತೆ ಮೊದಲು, ನಿರ್ಧಾರ ನಂತರ

ಹೊಗೆ ಬಂದ ಮಾತ್ರಕ್ಕೆ ಎಂಜಿನ್ ಕೆಟ್ಟಿತೆಂದು ಅರ್ಥವಲ್ಲ. ಕಪ್ಪು ಹೊಗೆಗೆ ಕಟ್ಟಿಕೊಂಡ ಏರ್ ಕ್ಲೀನರ್ ಅಥವಾ ಕೆಟ್ಟ ನಾಝಲ್ ಕಾರಣವಾಗಿರಬಹುದು. ಅದು ಕೆಲವೇ ಸಾವಿರ ರೂಪಾಯಿಗಳ ಕೆಲಸ. ನೀಲಿ ಹೊಗೆಯು ಆಯಿಲ್ ಸುಡುತ್ತಿರುವುದರ ಲಕ್ಷಣ. ಅದರ ಜೊತೆಗೆ ಬ್ರೀದರ್ ಕೊಳವೆಯಿಂದ ಗಾಳಿ ರಭಸವಾಗಿ ಹೊರಬರುತ್ತಿದ್ದರೆ ರಿಂಗ್ ಮತ್ತು ಲೈನರ್ ಸವೆದಿರುವ ಸಾಧ್ಯತೆ ಹೆಚ್ಚು. ಆದ್ದರಿಂದ ಎಂಜಿನ್ ಬಿಚ್ಚುವ ಮೊದಲೇ ಕಂಪ್ರೆಶನ್ ಹಾಗೂ ಬಿಸಿಯಾದ ಎಂಜಿನ್ನಿನ ಆಯಿಲ್ ಪ್ರೆಶರ್ ಪರೀಕ್ಷೆ ಮಾಡಿಸಿ, ಅಂಕಿಗಳನ್ನು ಬರೆದಿಟ್ಟುಕೊಳ್ಳುವುದು ಅವಶ್ಯ. ನಮ್ಮ ಭಾಗದ ಎರೆಮಣ್ಣಿನ ಧೂಳು ಏರ್ ಕ್ಲೀನರಿನ ಸಡಿಲ ಹೋಸಿನ ಮೂಲಕ ಒಳನುಗ್ಗಿದರೆ ಹೊಸ ಲೈನರನ್ನೂ ಬೇಗನೆ ಸವೆಸುತ್ತದೆ. ಸವೆತದ ಕಾರಣವನ್ನು ಸರಿಪಡಿಸದೆ ಮಾಡಿಸಿದ ದುರಸ್ತಿಯೂ ವ್ಯರ್ಥ, ಹಾಕಿಸಿದ ಹೊಸ ಎಂಜಿನ್ನೂ ವ್ಯರ್ಥ.

ಬಿಚ್ಚಿದ ನಂತರದ ಅಳತೆಯೇ ನಿಜವಾದ ಅಳತೆ. ಲೈನರಿನ ಒಳವ್ಯಾಸ, ಕ್ರ್ಯಾಂಕಿನ ಸವೆತ, ಹೆಡ್ಡಿನ ಬಿರುಕು, ಬ್ಲಾಕಿನ ಸ್ಥಿತಿ, ಈ ನಾಲ್ಕು ಸಂಗತಿಗಳು ನಿರ್ಣಾಯಕ. ಕ್ರ್ಯಾಂಕನ್ನು ಸಾಮಾನ್ಯವಾಗಿ 0.25 ಮಿಲಿಮೀಟರಿನ ಹಂತಗಳಲ್ಲಿ ಗ್ರೈಂಡ್ ಮಾಡಲಾಗುತ್ತದೆ. ಮೊದಲ ಹಂತದಲ್ಲಿರುವ ಕ್ರ್ಯಾಂಕಿಗೆ ಮುಂದೆಯೂ ಆಯುಷ್ಯವಿದೆ. ಕೊನೆಯ ಹಂತವನ್ನು ಈಗಾಗಲೇ ಮುಟ್ಟಿದ ಕ್ರ್ಯಾಂಕಿನ ಮೇಲೆ ಹಣ ಸುರಿಯುವುದು ಸರಿಯಲ್ಲ. ಲೈನರ್ ಬದಲಿಸಬಹುದಾದ ಎಂಜಿನ್ನಿನಲ್ಲಿ ಬ್ಲಾಕ್ ಗಟ್ಟಿಯಾಗಿದ್ದರೆ ದುರಸ್ತಿಯ ಪರವಾಗಿ ಬಲವಾದ ಕಾರಣವಿದೆ. ಬ್ಲಾಕ್ ಒಡೆದಿದ್ದರೆ ಅಥವಾ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕಿಗೆ ಪೆಟ್ಟುಕೊಟ್ಟಿದ್ದರೆ ಚರ್ಚೆಗೆ ಹೆಚ್ಚಿನ ಅವಕಾಶವಿರುವುದಿಲ್ಲ.

ಎಂಜಿನ್ನಿನ ರಚನೆಯನ್ನೂ ಗಮನಿಸಬೇಕು. ಮಹೀಂದ್ರ ಯುವರಾಜ್ 215, ಸ್ವರಾಜ್ 717 ಮಾದರಿಗಳಲ್ಲಿ ಒಂದೇ ಸಿಲಿಂಡರ್ ಇದೆ; ಕೆಲಸ ಸರಳ, ಬಿಡಿಭಾಗಗಳ ಸಂಖ್ಯೆಯೂ ಕಡಿಮೆ. ಬೆಂಗಳೂರು ಮೂಲದ ವಿಎಸ್‌ಟಿ ಸಂಸ್ಥೆಯ ಎಂಟಿ 180ಡಿ ಮಾದರಿಯಲ್ಲಿ ಮೂರು ಸಿಲಿಂಡರುಗಳಿವೆ. ಅಲ್ಲಿ ಒಂದೇ ಲೈನರ್ ಹಾಳಾದರೂ ಮೂರನ್ನೂ ಒಟ್ಟಿಗೆ ಮಾಡಿಸುವುದು ಉಚಿತವಾದ್ದರಿಂದ ವೆಚ್ಚ ಏರುತ್ತದೆ. ಸವೆತದ ಮಿತಿ ಎಷ್ಟು ಎಂಬುದಕ್ಕೆ ತಯಾರಕರ ಕೈಪಿಡಿಯೇ ಆಧಾರ. ಮಧ್ಯಪ್ರದೇಶದ ಬುದನಿಯಲ್ಲಿರುವ ಕೇಂದ್ರೀಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯ ಟ್ರ್ಯಾಕ್ಟರ್ ಪರೀಕ್ಷಾ ವರದಿಗಳಲ್ಲಿಯೂ ಎಂಜಿನ್ ಭಾಗಗಳ ಅಳತೆ ಮತ್ತು ಸವೆತದ ಮಿತಿಗಳು ದೊರೆಯುತ್ತವೆ.

ಗಂಟೆಯ ಲೆಕ್ಕ

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಇದರ ಅಂಕಿಗಳು ಕೇವಲ ವಿವರಣೆಗಾಗಿ. ಪ್ರತಿಯೊಬ್ಬ ಮಾಲೀಕನೂ ತನ್ನ ಅಂಕಿಗಳನ್ನು ಇದೇ ಸ್ಥಾನದಲ್ಲಿ ಇಟ್ಟು ನೋಡತಕ್ಕದ್ದು. ಟ್ರ್ಯಾಕ್ಟರು ವರ್ಷಕ್ಕೆ 600 ಗಂಟೆ ದುಡಿಯುತ್ತದೆ. ರಿಂಗ್ ಮತ್ತು ಬೇರಿಂಗ್ ಮಾತ್ರ ಬದಲಿಸುವ ತೇಪೆ ಕೆಲಸಕ್ಕೆ ರೂ. 25,000 ತಗಲಿ, ಅದು 600 ಗಂಟೆ ಬಾಳುತ್ತದೆ. ಪೂರ್ಣ ದುರಸ್ತಿಗೆ ರೂ. 70,000 ತಗಲಿ 3,000 ಗಂಟೆ ಬಾಳುತ್ತದೆ. ಬೇರೆ ಎಂಜಿನ್ನಿಗೆ ರೂ. 1,60,000 ತಗಲಿ 6,000 ಗಂಟೆ ಬಾಳುತ್ತದೆ. ಆಗ ಗಂಟೆಯೊಂದಕ್ಕೆ ಬೀಳುವ ವೆಚ್ಚ ಕ್ರಮವಾಗಿ ಸುಮಾರು ರೂ. 42, ರೂ. 23 ಮತ್ತು ರೂ. 27. ಕೈಯಿಂದ ಅತಿ ಕಡಿಮೆ ಹಣ ಹೋಗುವ ತೇಪೆ ಕೆಲಸವೇ ಮೂರರಲ್ಲಿ ಅತ್ಯಂತ ದುಬಾರಿ ಎಂಬುದು ಇಲ್ಲಿ ಎದ್ದು ಕಾಣುವ ಸಂಗತಿ.

ಈಗ ಯಂತ್ರ ನಿಂತ ದಿನಗಳನ್ನು ಸೇರಿಸಬೇಕು. ಪೂರ್ಣ ದುರಸ್ತಿಗೆ 12 ದಿನ, ಬದಲಾವಣೆಗೆ 4 ದಿನ ಬೇಕಾಗಿ, ಹಂಗಾಮಿನಲ್ಲಿ ದಿನವೊಂದಕ್ಕೆ ಖರ್ಚು ಕಳೆದು ರೂ. 1,500 ಗಳಿಕೆ ತಪ್ಪುವುದಾದರೆ, ದುರಸ್ತಿಯ ಒಟ್ಟು ಭಾರ ರೂ. 88,000 ಮತ್ತು ಬದಲಾವಣೆಯದು ರೂ. 1,66,000 ಆಗುತ್ತದೆ. ಗಂಟೆಯ ವೆಚ್ಚ ಸುಮಾರು ರೂ. 29 ಮತ್ತು ರೂ. 28. ಅಂದರೆ ಜೂನ್ ತಿಂಗಳ ಬಿತ್ತನೆಯ ಕಾಲದಲ್ಲಿ ಬದಲಾವಣೆ ಅಗ್ಗವೆನಿಸಿದರೆ, ಏಪ್ರಿಲ್ ತಿಂಗಳ ಬಿಡುವಿನಲ್ಲಿ ದುರಸ್ತಿ ಅಗ್ಗವೆನಿಸುತ್ತದೆ. ಯಂತ್ರ ಒಂದೇ, ಸವೆತವೂ ಅಷ್ಟೇ. ತಿಂಗಳು ಬದಲಾದರೆ ಉತ್ತರ ಬದಲಾಗುತ್ತದೆ. ನಿಂತ ದಿನಗಳಲ್ಲಿ ಬೇರೆ ಟ್ರ್ಯಾಕ್ಟರನ್ನು ಬಾಡಿಗೆಗೆ ತರಲು ಸಾಧ್ಯವಿದ್ದರೆ, ತಪ್ಪಿದ ಗಳಿಕೆಯ ಬದಲಿಗೆ ಆ ಬಾಡಿಗೆಯ ಹೊರೆಯನ್ನು ಲೆಕ್ಕಕ್ಕೆ ಹಿಡಿಯಬೇಕು.

ಲೆಕ್ಕ ಇಲ್ಲಿಗೂ ಮುಗಿಯುವುದಿಲ್ಲ. ಬದಲಾವಣೆಗೆ ಹೆಚ್ಚಾಗಿ ತೊಡಗಿಸುವ ರೂ. 90,000ಕ್ಕೆ ಶೇಕಡಾ 12ರಂತೆ ಮೊದಲ ವರ್ಷದ ಬಡ್ಡಿಯೇ ರೂ. 10,800. ಅದನ್ನು 600 ಗಂಟೆಗಳಿಗೆ ಹಂಚಿದರೆ ಆ ವರ್ಷ ಗಂಟೆಗೆ ರೂ. 18 ಹೆಚ್ಚು. ಸಾಲ ಮಾಡಿ ಎಂಜಿನ್ ಕೊಳ್ಳುವವರಿಗೆ ತಕ್ಕಡಿ ಮತ್ತೆ ದುರಸ್ತಿಯ ಕಡೆಗೆ ವಾಲುತ್ತದೆ. ವರ್ಷಕ್ಕೆ 1,200 ಗಂಟೆ ದುಡಿಸುವವರಿಗೆ ಇದೇ ಬಡ್ಡಿ ಗಂಟೆಗೆ ರೂ. 9 ಮಾತ್ರ. ಹೆಚ್ಚು ದುಡಿಯುವ ಯಂತ್ರಕ್ಕೆ ಹೊಸ ಎಂಜಿನ್, ಕಡಿಮೆ ದುಡಿಯುವ ಯಂತ್ರಕ್ಕೆ ಒಳ್ಳೆಯ ದುರಸ್ತಿ ಎಂಬ ಸಾಮಾನ್ಯ ಅಭಿಪ್ರಾಯದ ಹಿಂದಿರುವ ತರ್ಕ ಇದುವೇ.

ಉಳಿದ ಟ್ರ್ಯಾಕ್ಟರಿನ ಸ್ಥಿತಿ

ಟ್ರ್ಯಾಕ್ಟರಿನಲ್ಲಿ ಬಹುಮಟ್ಟಿಗೆ ಎಂಜಿನ್ ಬ್ಲಾಕೇ ಚಾಸಿಯ ಕೆಲಸವನ್ನೂ ಮಾಡುತ್ತದೆ. ಮುಂದಿನ ಆಕ್ಸಲ್ ಅದಕ್ಕೆ ಜೋಡಣೆಗೊಂಡಿರುತ್ತದೆ. ಎಂಜಿನ್ ಇಳಿಸಬೇಕಾದರೆ ಟ್ರ್ಯಾಕ್ಟರನ್ನು ನಡುವೆ ಬೇರ್ಪಡಿಸಬೇಕು. ಬಿಚ್ಚಿ ಜೋಡಿಸುವ ಮಜೂರಿಯನ್ನು ಎರಡೂ ದಾರಿಗಳಲ್ಲಿ ಕೊಡಬೇಕಾಗಿರುವುದರಿಂದ, ಅದೇ ಸಮಯದಲ್ಲಿ ಕ್ಲಚ್ ಪ್ಲೇಟ್ ಮತ್ತು ಆಯಿಲ್ ಸೀಲುಗಳನ್ನು ಪರೀಕ್ಷಿಸುವುದು ಜಾಣತನ. ಗೇರ್ ಬಾಕ್ಸ್, ಹೈಡ್ರಾಲಿಕ್, ಹಿಂದಿನ ಟೈರುಗಳು ಎರಡು ವರ್ಷಗಳಲ್ಲಿ ದೊಡ್ಡ ಖರ್ಚು ಕೇಳುವ ಸ್ಥಿತಿಯಲ್ಲಿದ್ದರೆ, ಹತ್ತು ವರ್ಷ ಬಾಳುವ ಎಂಜಿನ್ ಹಾಕಿಸುವುದು ಮೂಗಿಗಿಂತ ಮೂಗುತಿ ಭಾರವೆಂಬಂತಾಗುತ್ತದೆ. ಅಂತಹ ಸಂದರ್ಭದಲ್ಲಿ ಇದ್ದ ಸ್ಥಿತಿಯಲ್ಲಿಯೇ ಟ್ರ್ಯಾಕ್ಟರನ್ನು ಮಾರುವ ಮೂರನೆಯ ದಾರಿಯನ್ನೂ ತೂಗಿ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದ ಮೇಲೆ ಈ ದಾರಿಯ ಲೆಕ್ಕವೂ ಬದಲಾಗಿದೆ.

ಬಿಡಿಭಾಗಗಳ ಲಭ್ಯತೆ ಇನ್ನೊಂದು ವಿಷಯ. ಪಿಂಜೋರಿನ ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರಲ್ಲಿ ಒಪ್ಪಿಗೆ ನೀಡಿತು. ಅಂತಹ ಟ್ರ್ಯಾಕ್ಟರುಗಳಿಗೆ ತಯಾರಕರಿಂದ ಹೊಸ ಎಂಜಿನ್ ನಿರೀಕ್ಷಿಸುವಂತಿಲ್ಲ. ಊರಿನ ಲೇಥ್ ಮತ್ತು ಬೋರಿಂಗ್ ಕೆಲಸಗಾರರ ಕೌಶಲ್ಯವೇ ಆಧಾರ. ಹಳೆಯ ಎಂಜಿನ್ನುಗಳ ಮಾರುಕಟ್ಟೆಯಿಂದ ತಂದ ಎಂಜಿನ್ ಹಾಕಿಸುವವರು ಅದರ ನಂಬರು ಮತ್ತು ಖರೀದಿ ಬಿಲ್ಲು ಇಲ್ಲದೆ ಮುಂದುವರಿಯಬಾರದು. ಮೋಟಾರು ವಾಹನ ಕಾಯಿದೆ 1988ರ 52ನೆಯ ಕಲಮಿನ ಪ್ರಕಾರ ವಾಹನದ ಬದಲಾವಣೆಯನ್ನು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಆರ್‌ಸಿ ಪುಸ್ತಕದ ಎಂಜಿನ್ ನಂಬರು ಒಂದು, ವಾಹನದಲ್ಲಿರುವುದು ಇನ್ನೊಂದು ಎಂದಾದರೆ ವಿಮೆಯ ಪರಿಹಾರಕ್ಕೂ ಮುಂದಿನ ಮಾರಾಟಕ್ಕೂ ತೊಡಕಾಗುತ್ತದೆ. ಸಾಲವಿದ್ದರೆ ಬ್ಯಾಂಕಿಗೆ ಮೊದಲೇ ತಿಳಿಸುವುದು ಕ್ಷೇಮ.

ತೆರಿಗೆಯ ಸ್ಥಾನ ಕೊನೆಯದು

ದುರಸ್ತಿಯ ಖರ್ಚು ಆ ವರ್ಷವೇ ಲಾಭದಿಂದ ಕಳೆಯುತ್ತದೆ, ಬದಲಾವಣೆಯ ಖರ್ಚು ಸವಕಳಿಯ ಮೂಲಕ ನಿಧಾನವಾಗಿ ಕಳೆಯುತ್ತದೆ, ಆದ್ದರಿಂದ ದುರಸ್ತಿಯೇ ಲೇಸು ಎಂಬ ವಾದ ಆಗಾಗ ಕೇಳಿಬರುತ್ತದೆ. ಇದು ಅರ್ಧ ಸತ್ಯ. ರೂ. 1,60,000ದ ಎಂಜಿನ್ನನ್ನು ಬಂಡವಾಳ ವೆಚ್ಚವೆಂದು ಪರಿಗಣಿಸಿದರೆ ಶೇಕಡಾ 15ರಂತೆ ಮೊದಲ ವರ್ಷ ರೂ. 24,000 ಸವಕಳಿ ದೊರೆಯುತ್ತದೆ; 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಉಳಿದ ಮೊತ್ತ ಮುಂದಿನ ವರ್ಷಗಳಲ್ಲಿ ಬರುತ್ತದೆಯೇ ಹೊರತು ನಷ್ಟವಾಗುವುದಿಲ್ಲ. ಎರಡರ ನಡುವಿನ ವ್ಯತ್ಯಾಸ ಕಾಲದ್ದು, ತೆರಿಗೆಯ ಮೊತ್ತದ್ದಲ್ಲ. ಒಟ್ಟು ವಹಿವಾಟಿನ ಮೇಲೆ ಅಂದಾಜು ಲಾಭ ಘೋಷಿಸುವ ಯೋಜನೆಯಲ್ಲಿರುವ ಸಣ್ಣ ವರ್ತಕರಿಗಂತೂ ಎರಡನ್ನೂ ಪ್ರತ್ಯೇಕವಾಗಿ ಕಳೆಯುವ ಅವಕಾಶವಿಲ್ಲದ್ದರಿಂದ ಈ ವಾದವೇ ಅಪ್ರಸ್ತುತ.

ಯಾವುದು ದುರಸ್ತಿ, ಯಾವುದು ಬಂಡವಾಳ ಎಂಬ ವಿವಾದ ಹಳೆಯದು. ಬಸ್ಸುಗಳ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂಡಿಸಿದ ಪ್ರಕರಣದಲ್ಲಿ, ಆ ಎಂಜಿನ್ ಸವಕಳಿಯ ದೃಷ್ಟಿಯಿಂದ ಸ್ವತಃ ಒಂದು ಯಂತ್ರವೆಂದು ಸುಪ್ರೀಂ ಕೋರ್ಟು 1964ರಲ್ಲಿ ತೀರ್ಮಾನಿಸಿತು. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ, ಇಡೀ ಯಂತ್ರವನ್ನೇ ಬದಲಿಸುವುದು ಚಾಲ್ತಿ ದುರಸ್ತಿಯಾಗದು ಎಂದು ಅದೇ ನ್ಯಾಯಾಲಯ 2007ರಲ್ಲಿ ಹೇಳಿತು. ಹೀಗಾಗಿ ಹೊಸ ಎಂಜಿನ್ನಿನ ಪೂರ್ಣ ಬೆಲೆಯನ್ನು ದುರಸ್ತಿ ಖಾತೆಗೆ ಹಾಕುವವರು ಪ್ರಶ್ನೆಗೆ ಉತ್ತರಿಸಲು ಸಿದ್ಧರಿರಬೇಕು.

ಜಿಎಸ್‌ಟಿಯ ವಿಷಯದಲ್ಲಿ ಮಾಲೀಕನ ವ್ಯವಹಾರದ ಸ್ವರೂಪವೇ ಮುಖ್ಯ. ಕೃಷಿ ಯಂತ್ರಗಳನ್ನು ಬೇಸಾಯಕ್ಕೆ ಬಾಡಿಗೆ ನೀಡುವ ಸೇವೆಗೆ ವಿನಾಯಿತಿ ಇರುವುದರಿಂದ ಅಂತಹವರಿಗೆ ಬಿಲ್ಲಿನಲ್ಲಿರುವ ತೆರಿಗೆಯೂ ವೆಚ್ಚವೇ. ತೆರಿಗೆ ಕಟ್ಟುವ ಉತ್ಪಾದಕನು ಕಾರ್ಖಾನೆಯ ಮಾಲು ಸಾಗಣೆಗೆ ಟ್ರ್ಯಾಕ್ಟರು ಬಳಸುತ್ತಿದ್ದರೆ ಹೂಡುವಳಿ ತೆರಿಗೆಯ ಜಮೆ ಪಡೆಯಬಹುದು. ಹಾಗೆ ಪಡೆದ ಮೊತ್ತದ ಮೇಲೆ ಸವಕಳಿ ಮಾತ್ರ ಕೇಳುವಂತಿಲ್ಲ. ಟ್ರ್ಯಾಕ್ಟರಿಗೆ ಬಳಸುವ ಎಲ್ಲ ಬಿಡಿಭಾಗಗಳಿಗೂ ಶೇಕಡಾ 5ರ ದರ ಅನ್ವಯಿಸುವುದಿಲ್ಲ. ಬಿಲ್ಲಿನ ಎಚ್‌ಎಸ್‌ಎನ್ ಸಂಖ್ಯೆ ನೋಡಿಯೇ ಹೋಲಿಸಬೇಕು. ಇನ್ನೂ ಒಂದು ಎಚ್ಚರಿಕೆ: ಒಂದೇ ದಿನ ಒಬ್ಬರಿಗೆ ರೂ. 10,000 ಮೀರಿ ನಗದು ಪಾವತಿಸಿದರೆ ಆ ಖರ್ಚಿಗೂ, ಬಂಡವಾಳವಾದರೆ ಅದರ ಸವಕಳಿಗೂ ಆದಾಯ ತೆರಿಗೆಯಲ್ಲಿ ಮಾನ್ಯತೆ ದೊರೆಯದು.

ವರ್ಕ್‌ಶಾಪುಗಳ ಹೊಣೆ

ಮಾಲೀಕರಿಗೆ ಇಷ್ಟು ಹೇಳಿದ ಮೇಲೆ ಅವಳಿ ನಗರದ ವರ್ಕ್‌ಶಾಪುಗಳಿಗೂ ಒಂದು ಮಾತು ಹೇಳುವುದು ನ್ಯಾಯ. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರವು ತಲೆಮಾರುಗಳಿಂದ ಈ ಊರಿಗೆ ಕಲಿಸಿರುವ ಪಾಠವೆಂದರೆ, ಕೆಡುವವರೆಗೆ ಕಾಯದೆ ಅವಧಿಗೆ ಸರಿಯಾಗಿ ಬಿಚ್ಚಿ, ಅಳೆದು, ಮಿತಿ ಮೀರಿದ್ದನ್ನು ಬದಲಿಸಿ ಜೋಡಿಸುವ ಶಿಸ್ತು. ಆ ಶಿಸ್ತು ಖಾಸಗಿ ವರ್ಕ್‌ಶಾಪಿನ ಒಂದು ಹಾಳೆಯಲ್ಲಿಯೂ ಮೂಡಬಹುದು. ಬಿಚ್ಚಿದಾಗಿನ ಅಳತೆ, ಹಾಕಿದ ಭಾಗಗಳ ಕಂಪನಿ ಮತ್ತು ಸೈಜು, ಮಜೂರಿ, ಗಂಟೆಗಳಲ್ಲಿ ಅಥವಾ ತಿಂಗಳುಗಳಲ್ಲಿ ನೀಡುವ ಖಾತರಿ, ಇವಿಷ್ಟನ್ನು ಬರೆದು ಸಹಿ ಮಾಡಿಕೊಡುವ ವರ್ಕ್‌ಶಾಪಿಗೆ ಗಿರಾಕಿ ಹತ್ತು ರೂಪಾಯಿ ಹೆಚ್ಚು ಕೊಡಲು ಹಿಂಜರಿಯುವುದಿಲ್ಲ. ಹಾಳೆ ಕೊಡದ ವರ್ಕ್‌ಶಾಪು ಬೆಲೆಯಲ್ಲಿ ಮಾತ್ರ ಸ್ಪರ್ಧಿಸಬೇಕಾಗುತ್ತದೆ. ಬೆಲೆಯ ಸ್ಪರ್ಧೆಯಲ್ಲಿ ಮೊದಲು ಬಲಿಯಾಗುವುದು ಬಿಡಿಭಾಗಗಳ ಗುಣಮಟ್ಟ. ಒಳ್ಳೆಯ ದುರಸ್ತಿಯ ಹಣ ಬಹುಪಾಲು ಇಲ್ಲಿಯ ಲೇಥ್, ಬೋರಿಂಗ್, ಪಂಪ್ ಮತ್ತು ನಾಝಲ್ ಕೆಲಸಗಾರರಿಗೆ ಸಲ್ಲುತ್ತದೆ. ಆ ಹಣ ಊರಿನಲ್ಲಿ ಉಳಿಯಬೇಕಾದರೆ ನಂಬಿಕೆ ಬರಹದಲ್ಲಿರಬೇಕು.

ಆದುದರಿಂದ ಮುಂಗಾರಿಗೆ ಮುನ್ನ, ಯಂತ್ರಕ್ಕೆ ಬಿಡುವಿರುವಾಗಲೇ ಕಂಪ್ರೆಶನ್ ಪರೀಕ್ಷೆ ಮಾಡಿಸಿ, ವರ್ಷದ ಗಂಟೆಗಳನ್ನು ಬರೆದಿಟ್ಟು, ಎರಡೂ ದಾರಿಗಳ ಗಂಟೆಯ ವೆಚ್ಚವನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಇಟ್ಟು ನೋಡುವುದು ಮಾಲೀಕರ ಹಿತಕ್ಕೆ ಒಳ್ಳೆಯದು. ಆ ಹಾಳೆ ತಯಾರಿಸಲು ಅರ್ಧ ಗಂಟೆ ಸಾಕು. ಬಿತ್ತನೆಯ ನಡುವೆ ನಿಂತ ಎಂಜಿನ್ನಿನ ಮುಂದೆ ಅವಸರದಲ್ಲಿ ಕೈಗೊಂಡ ನಿರ್ಧಾರದ ಬೆಲೆಯನ್ನು ಮುಂದಿನ ಐದು ವರ್ಷ ಗಂಟೆ ಗಂಟೆಗೂ ತೆರಬೇಕಾಗುತ್ತದೆ.